ಬಾಲ್ಡರ್ಸ್ ಗೇಟ್ 3: ಸಿಟ್ಟು ತರಿಸುವ ಸಂಗಾತಿಗಳ ಜೊತೆ ಕಥೆ ಮುಗಿಸುವುದು ಹೇಗೆ?

ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೋ ಗೇಮ್ ಆಡಲು ಶುರು ಮಾಡಿದವರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ. "ಆಟ ಚೆನ್ನಾಗಿದೆ, ಆದರೆ ಜೊತೆಗಿರುವವರನ್ನು ಸಹಿಸುವುದು ಹೇಗೆ?" ಒಬ್ಬಳು ಮಾತೆತ್ತಿದರೆ ಗದರುತ್ತಾಳೆ. ಇನ್ನೊಬ್ಬಳು ಏನು ಕೇಳಿದರೂ ಬಾಯಿ ಬಿಡುವುದಿಲ್ಲ. ಒಬ್ಬ ಯಾರಿಗೆ ಸಹಾಯ ಮಾಡಿದರೂ ಕೊಂಕು ನುಡಿಯುತ್ತಾನೆ. ಮತ್ತೊಬ್ಬ ನೀವು ಕಷ್ಟಪಟ್ಟು ಗಳಿಸಿದ ಮಾಂತ್ರಿಕ ವಸ್ತುಗಳನ್ನು ತನಗೆ ಕೊಡಿ ಎನ್ನುತ್ತಾನೆ. ಎಷ್ಟೋ ಜನ ಕಥೆಯ ಮೂರು ಅಂಕಗಳಲ್ಲಿ ಮೊದಲನೆಯದರಲ್ಲೇ ಆಟ ನಿಲ್ಲಿಸಿಬಿಡುತ್ತಾರೆ.

ನಿಲ್ಲಿಸಬೇಡಿ. ಇವರೆಲ್ಲ ಶುರುವಿನಲ್ಲಿ ಹೀಗಿರಬೇಕೆಂದೇ ಬರೆದ ಪಾತ್ರಗಳು. ಪ್ರತಿಯೊಬ್ಬರಿಗೂ ಒಂದು ಗುಟ್ಟಿದೆ, ಒಂದು ಭಯವಿದೆ. ಅದು ಹೊರಬರುವ ಜಾಗ ಮತ್ತು ಸಮಯ ಆಟದಲ್ಲಿ ನಿಗದಿಯಾಗಿವೆ. ಎಲ್ಲರನ್ನೂ ಮೆಚ್ಚಿಸುವುದು ನಿಮ್ಮ ಕೆಲಸವಲ್ಲ. ಸರಿಯಾದ ಜಾಗಕ್ಕೆ ಸರಿಯಾದವರನ್ನು ಕರೆದೊಯ್ದು, ಮಾತಾಡಲು ಅವರಿಗೆ ಅವಕಾಶ ಕೊಟ್ಟರೆ ಸಾಕು. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಕಥೆಯ ತಿರುವುಗಳನ್ನು ಆದಷ್ಟು ಮುಚ್ಚಿಟ್ಟಿದ್ದೇನೆ. ಆದರೆ ಕೆಲವು ಎಚ್ಚರಿಕೆಗಳಿಗಾಗಿ ಒಂದಷ್ಟು ಬಿಟ್ಟುಕೊಡಲೇಬೇಕಾಗಿದೆ.

ಮೊದಲು ತಿಳಿದಿರಬೇಕಾದದ್ದು

ಇದು ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ಮಾಡಿದ ರೋಲ್ ಪ್ಲೇಯಿಂಗ್ ಆಟ. ಅಂದರೆ ನೀವೊಂದು ಪಾತ್ರವಾಗಿ ಕಥೆಯೊಳಗೆ ಇಳಿಯುತ್ತೀರಿ, ನಿಮ್ಮ ಮಾತು ಮತ್ತು ನಿರ್ಧಾರಗಳಿಂದ ಕಥೆ ಬದಲಾಗುತ್ತದೆ. 2023ರ ಆಗಸ್ಟ್ 3ರಂದು ಕಂಪ್ಯೂಟರ್‌ಗೆ ಬಂತು. ಅದೇ ವರ್ಷ ಪ್ಲೇಸ್ಟೇಷನ್ 5, ಮ್ಯಾಕ್ ಮತ್ತು ಎಕ್ಸ್‌ಬಾಕ್ಸ್‌ಗೂ ಬಂತು. ನಿಯಮಗಳಿಗೆ ಆಧಾರ ಡಂಜನ್ಸ್ ಆಂಡ್ ಡ್ರಾಗನ್ಸ್ ಎಂಬ ಟೇಬಲ್ ಆಟದ 5ನೇ ಆವೃತ್ತಿ. ಹಾಗಾಗಿ ಹೊಡೆದಾಟ ಸರದಿಯ ಪ್ರಕಾರ ನಡೆಯುತ್ತದೆ. ಮುಖ್ಯವಾದ ಮಾತುಕತೆಗಳಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ.

ಕಂಪ್ಯೂಟರ್‌ನಲ್ಲಿ ಆಡುವುದಾದರೆ 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿಯಲ್ಲಿ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಹಾಕಿದರೆ ದೃಶ್ಯಗಳು ತೆರೆದುಕೊಳ್ಳಲು ತಡವಾಗಿ ಇನ್ನಷ್ಟು ಕಿರಿಕಿರಿ. 8 ಜಿಬಿ ರ‍್ಯಾಮ್ ಕನಿಷ್ಠ, 16 ಇದ್ದರೆ ನೆಮ್ಮದಿ. ಮನೆಯ ಇಂಟರ್ನೆಟ್‌ಗೆ ತಿಂಗಳ ಡೇಟಾ ಮಿತಿ ಇದ್ದರೆ, ಡೌನ್‌ಲೋಡ್ ಹಚ್ಚುವ ಮೊದಲು ಎಷ್ಟು ಉಳಿದಿದೆ ನೋಡಿಕೊಳ್ಳಿ.

ಆಟದಲ್ಲಿ ಕನ್ನಡ ಇಲ್ಲ, ಭಾರತದ ಬೇರೆ ಯಾವ ಭಾಷೆಯೂ ಇಲ್ಲ. ಇಂಗ್ಲಿಷ್ ಸಂಭಾಷಣೆ ವೇಗವಾಗಿ ಹೋಗುತ್ತದೆ. ಅದಕ್ಕೇ ಸೆಟ್ಟಿಂಗ್ಸ್‌ನಲ್ಲಿ ಸಬ್‌ಟೈಟಲ್ ಆನ್ ಮಾಡಿ, ಅಕ್ಷರ ದೊಡ್ಡದು ಮಾಡಿಕೊಳ್ಳಿ. ಮಾತಿನ ಧಾಟಿ ಅರ್ಥವಾಗದೆ ಹೋದರೆ ತಮಾಷೆಯೂ ಅವಮಾನದಂತೆ ಕೇಳಿಸುತ್ತದೆ. ಆಸ್ಟೇರಿಯನ್ ಎಂಬ ಸಂಗಾತಿಯ ವಿಷಯದಲ್ಲಂತೂ ಇದು ನಿಜ.

ಹಂತ 1: ಮಾತು ಬಲ್ಲ ಪಾತ್ರ ಮಾಡಿಕೊಳ್ಳಿ

ಹೊಸಬರು ಸಾಮಾನ್ಯವಾಗಿ ಬಲಶಾಲಿ ಯೋಧನನ್ನು ಆರಿಸುತ್ತಾರೆ. ಹೊಡೆದಾಟಕ್ಕೆ ಅದು ಒಳ್ಳೆಯದೇ. ಆದರೆ ಜಗಳಗಂಟ ಸಂಗಾತಿಗಳನ್ನು ಸಮಾಧಾನ ಮಾಡಲು ಬೇಕಾದದ್ದು ಕರಿಸ್ಮಾ, ಅಂದರೆ ಎದುರಿನವರನ್ನು ಮಾತಿನಿಂದ ಒಲಿಸುವ ಗುಣ. ಬಾರ್ಡ್, ಸಾರ್ಸರರ್, ವಾರ್ಲಾಕ್, ಪಾಲಡಿನ್, ಈ ನಾಲ್ಕು ವರ್ಗಗಳಿಗೆ ಕರಿಸ್ಮಾವೇ ಬಂಡವಾಳ. ಮೊದಲ ಸಲ ಆಡುವವರಿಗೆ ನನ್ನ ಆಯ್ಕೆ ಬಾರ್ಡ್. ಹಾಡುಗಾರನ ವರ್ಗ ಇದು. ಮಾತಿಗೂ ಆಯಿತು, ಮಂತ್ರಕ್ಕೂ ಆಯಿತು, ಬೀಗ ತೆಗೆಯುವುದಕ್ಕೂ ಆಯಿತು. ಕೌಶಲಗಳನ್ನು ಆರಿಸುವಾಗ ಪರ್ಸುಯೇಷನ್ ಬಿಡಬೇಡಿ. ಒಪ್ಪಿಸುವ ಕೌಶಲ ಅದೇ.

ಪಾತ್ರ ಆರಿಸುವ ಪರದೆಯಲ್ಲಿ ಗೇಲ್, ಶ್ಯಾಡೋಹಾರ್ಟ್ ಮುಂತಾದ ಸಂಗಾತಿಗಳ ಮುಖಗಳೂ ಕಾಣುತ್ತವೆ. ಅವರಾಗಿಯೇ ಆಡಬಹುದು, ಆದರೆ ಮೊದಲ ಸಲ ಬೇಡ. ಅವರ ಕಥೆ ಹೊರಗಿನಿಂದ ನೋಡಿದಾಗಲೇ ಚೆಂದ. ಡಾರ್ಕ್ ಅರ್ಜ್ ಎಂಬ ರಕ್ತದಾಹಿ ಪಾತ್ರವನ್ನೂ ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಸ್ವಂತ ಪಾತ್ರವೇ ಸರಿ.

ಕಷ್ಟದ ಮಟ್ಟದ ಬಗ್ಗೆ ನಾಚಿಕೆ ಬೇಡ. ಕಥೆಗಾಗಿ ಆಡುವವರು ಎಕ್ಸ್‌ಪ್ಲೋರರ್ ಎಂಬ ಸುಲಭದ ಮಟ್ಟ ಹಿಡಿಯಿರಿ. ಆಮೇಲೆ ಯಾವಾಗ ಬೇಕಾದರೂ ಬದಲಿಸಬಹುದು. ಹಾನರ್ ಮೋಡ್ ಮಾತ್ರ ಮುಟ್ಟಬೇಡಿ. ಅದರಲ್ಲಿ ಒಂದೇ ಸೇವ್ ಇರುತ್ತದೆ, ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ದಾರಿಯೇ ಇಲ್ಲ.

ಹಂತ 2: ಇಷ್ಟವಾಗದಿದ್ದರೂ ಎಲ್ಲರನ್ನೂ ಸೇರಿಸಿಕೊಳ್ಳಿ

ಮೊದಲ ಅಂಕದಲ್ಲಿ ಸಿಗುವ ಮುಖ್ಯ ಸಂಗಾತಿಗಳು ಆರು ಜನ. ನಿಮ್ಮೊಂದಿಗೆ ನಡೆಯಬಲ್ಲವರು ಮೂವರು ಮಾತ್ರ. ಉಳಿದವರು ಶಿಬಿರದಲ್ಲಿ ಕಾಯುತ್ತಾರೆ. ಅಲ್ಲಿ ಸುಮ್ನೆ ಕೂತವರಿಗೂ ನಿಮ್ಮಷ್ಟೇ ಅನುಭವದ ಅಂಕ ಬರುತ್ತದೆ, ಯಾರೂ ಹಿಂದೆ ಬೀಳುವುದಿಲ್ಲ. ಹಾಗಾಗಿ "ಇವಳು ಬೇಡ" ಅಂತ ಮೊದಲೇ ತಳ್ಳಿಹಾಕಿದರೆ ನಷ್ಟ ನಿಮಗೇ. ಸೇರಿಸಿಕೊಂಡು ಶಿಬಿರಕ್ಕೆ ಕಳಿಸಿ.

ಶ್ಯಾಡೋಹಾರ್ಟ್ ಕಥೆ ಶುರುವಾಗುವ ಹಾರುವ ಹಡಗಿನಲ್ಲಿ ಒಂದು ಗೂಡಿನೊಳಗೆ ಸಿಕ್ಕಿಹಾಕಿಕೊಂಡಿರುತ್ತಾಳೆ. ಅಲ್ಲಿ ಬಿಡಿಸಲು ಆಗದಿದ್ದರೂ ಚಿಂತೆಯಿಲ್ಲ, ಹಡಗು ಬಿದ್ದ ಮೇಲೆ ಕಡಲ ದಂಡೆಯಲ್ಲಿ ಸಿಗುತ್ತಾಳೆ. ಲೇಝೆಲ್ ಪಂಜರದಲ್ಲಿ ತೂಗುತ್ತಿರುತ್ತಾಳೆ, ಕೆಳಗೆ ಇಬ್ಬರು ಟೀಫ್ಲಿಂಗ್‌ಗಳು, ಅಂದರೆ ಕೊಂಬಿರುವ ಜನ, ಕಾವಲಿರುತ್ತಾರೆ. ಅವರನ್ನು ಮಾತಿನಲ್ಲೇ ಕಳಿಸಿ, ಪಂಜರದ ತಳಕ್ಕೆ ಬಾಣ ಬಿಡಿ. "ಅವಳನ್ನು ಅಲ್ಲೇ ಬಿಟ್ಟುಬಿಡೋಣ" ಎಂದು ಶ್ಯಾಡೋಹಾರ್ಟ್ ಹೇಳುತ್ತಾಳೆ. ಕೇಳಬೇಡಿ. ಗೇಲ್‌ನ ಕೈ ಮಾತ್ರ ದಾರಿಬದಿಯ ಮಾಂತ್ರಿಕ ಕಲ್ಲಿನಿಂದ ಹೊರಚಾಚಿರುತ್ತದೆ. ಹಿಡಿದು ಎಳೆಯಿರಿ. ಆಸ್ಟೇರಿಯನ್ ಸಹಾಯ ಬೇಕೆಂದು ಕರೆದು ಕುತ್ತಿಗೆಗೆ ಚಾಕು ಹಿಡಿಯುತ್ತಾನೆ. ಸಿಟ್ಟು ಬರುವುದು ಸಹಜ, ಆದರೆ ಅಲ್ಲೇ ಕೊಂದುಹಾಕಬೇಡಿ. ವಿಲ್ ಎಮರಾಲ್ಡ್ ಗ್ರೋವ್ ಎಂಬ ವನದ ಬಾಗಿಲಲ್ಲಿ ನಡೆಯುವ ಹೊಡೆದಾಟದಲ್ಲಿ ಬರುತ್ತಾನೆ. ಕಾರ್ಲಾಕ್ ರಿಸನ್ ರೋಡ್ ಪ್ರದೇಶದಲ್ಲಿ ಹೊಳೆಯ ಹತ್ತಿರ ಗಾಯಗೊಂಡು ಕೂತಿರುತ್ತಾಳೆ. ಅವಳನ್ನು ರಾಕ್ಷಸಿ ಎನ್ನುವವರು ಇಬ್ಬರು ಸಿಗುತ್ತಾರೆ, ಒಬ್ಬ ನಿಮ್ಮ ವಿಲ್‌ನೇ. ಅವಳ ಮಾತು ಕೇಳಿದ ಮೇಲೆ ತೀರ್ಮಾನಿಸಿ.

ಈ ಹಂತದ ಅತಿ ದೊಡ್ಡ ಹಳ್ಳ ಇಲ್ಲಿದೆ. ಮೊದಲ ಅಂಕದಲ್ಲಿ ಗಾಬ್ಲಿನ್ ಎಂಬ ಪುಂಡ ಜೀವಿಗಳ ಪರ ನಿಂತು ವನದ ಮೇಲೆ ದಾಳಿ ಮಾಡುವ ಆಯ್ಕೆ ಸಿಗುತ್ತದೆ. ಹಾಗೆ ಮಾಡಿದರೆ ವಿಲ್ ಮತ್ತು ಕಾರ್ಲಾಕ್ ಇಬ್ಬರೂ ನಿಮ್ಮನ್ನು ಬಿಟ್ಟು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಮುಂದೆ ಜೊತೆಯಾಗಬೇಕಿದ್ದ ಹಾಲ್ಸಿನ್ ಕೂಡ ಕೈತಪ್ಪುತ್ತಾನೆ. ಮೊದಲ ಸಲ ವನವನ್ನು ಉಳಿಸಿ.

ಹಂತ 3: ಯಾರಿಗೆ ಏನು ಸೇರುತ್ತದೆ ಅರ್ಥ ಮಾಡಿಕೊಳ್ಳಿ

ನೀವು ಏನಾದರೂ ಮಾಡಿದಾಗ ಪರದೆಯ ಅಂಚಿನಲ್ಲಿ ಇಂಥವರು ಮೆಚ್ಚಿದರು, ಇಂಥವರು ಮೆಚ್ಚಲಿಲ್ಲ ಎಂಬ ಸಾಲು ಬರುತ್ತದೆ. ಇದಕ್ಕೆ ಅಪ್ರೂವಲ್ ಎನ್ನುತ್ತಾರೆ. ನಿಮ್ಮ ಬಗ್ಗೆ ಅವರ ಮನಸ್ಸಿನಲ್ಲಿರುವ ಲೆಕ್ಕ ಅದು. ಅದು ಮೇಲೇರಿದಷ್ಟೂ ಮನಬಿಚ್ಚಿ ಮಾತಾಡುತ್ತಾರೆ. ತೀರಾ ಕೆಳಗಿಳಿದರೆ ಬಿಟ್ಟು ಹೋಗುತ್ತಾರೆ.

ಬಹಳ ಜನ ಈ ಸಾಲುಗಳಿಗೆ ಹೆದರಿ ಪ್ರತಿ ಮಾತನ್ನೂ ಅಳೆದು ತೂಗುತ್ತಾರೆ. ಅದರ ಅಗತ್ಯವಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ನಿಮ್ಮ ಜೊತೆ ನಡೆಯುತ್ತಿರುವವರು ಮಾತ್ರ ಪ್ರತಿಕ್ರಿಯಿಸುತ್ತಾರೆ. ಶಿಬಿರದಲ್ಲಿದ್ದವರು ನೋಡಿರುವುದೇ ಇಲ್ಲ. ಬಡವರಿಗೆ, ಮಕ್ಕಳಿಗೆ, ನಿರಾಶ್ರಿತರಿಗೆ ಸಹಾಯ ಮಾಡುವ ಕೆಲಸಕ್ಕೆ ಹೊರಟಾಗ ಆಸ್ಟೇರಿಯನ್ ಮತ್ತು ಲೇಝೆಲ್ ಇಬ್ಬರನ್ನೂ ಶಿಬಿರದಲ್ಲಿ ಬಿಟ್ಟು, ವಿಲ್, ಕಾರ್ಲಾಕ್, ಗೇಲ್ ಇವರನ್ನು ಕರೆದುಕೊಂಡು ಹೋಗಿ. ಅರ್ಧ ರಗಳೆ ಇಲ್ಲೇ ಮುಗಿಯುತ್ತದೆ.

ಇನ್ನು ಒಬ್ಬೊಬ್ಬರಾಗಿ.

*ಲೇಝೆಲ್.* ಜಾಸ್ತಿ ದೂರು ಬರುವುದು ಇವಳ ಮೇಲೆಯೇ. ಗಿಥ್ಯಾಂಕಿ ಎಂಬ ಯೋಧ ಕುಲದವಳು. ಮೈಂಡ್ ಫ್ಲೇಯರ್‌ಗಳು, ಅಂದರೆ ಮಿದುಳು ತಿನ್ನುವ ಜೀವಿಗಳು, ನಿಮ್ಮೆಲ್ಲರ ತಲೆಯೊಳಗೆ ಒಂದು ಹುಳ ಬಿಟ್ಟಿವೆ. ಅದು ನಿಮ್ಮನ್ನೂ ಮೈಂಡ್ ಫ್ಲೇಯರ್ ಮಾಡಿಬಿಡುತ್ತದೆ. ಲೇಝೆಲ್ ಹುಟ್ಟಿನಿಂದ ಕಲಿತ ದೊಡ್ಡ ಭಯವೇ ಇದು. ತನ್ನ ಜನರ ನೆಲೆ ತಲುಪಿದರೆ ವಾಸಿಯಾಗುತ್ತದೆ ಎಂದು ನಂಬಿದ್ದಾಳೆ. ನೀವು ಅಲ್ಲಿ ಇಲ್ಲಿ ತಿರುಗುತ್ತಿದ್ದರೆ ಅವಳಿಗೆ ಸಾವು ಹತ್ತಿರವಾದಂತೆ. ಇದನ್ನು ತಲೆಯಲ್ಲಿಟ್ಟುಕೊಂಡು ಅವಳ ಮಾತು ಕೇಳಿ, ಬೇರೆಯಾಗಿಯೇ ಕೇಳಿಸುತ್ತದೆ. ವನದಲ್ಲಿ ಜೋರು ಎಂಬ ಟೀಫ್ಲಿಂಗ್‌ನಿಂದ ಮಾಹಿತಿ ಬೇಕಾದಾಗ ಅವನು ತನಗೆ ತಲೆಬಾಗಬೇಕೆಂದು ಪಟ್ಟು ಹಿಡಿಯುತ್ತಾಳೆ. ತಡೆದರೆ ಸ್ವಲ್ಪ ಮುನಿಸಿಕೊಳ್ಳುತ್ತಾಳೆ, ಅಷ್ಟೇ. ನಿಮಗೆ ಸರಿ ಕಂಡದ್ದನ್ನು ಮಾಡಿ. ಅವಳಿಗೆ ಹಿಡಿಸುವುದು ನೇರ ಮಾತು. ಸುತ್ತಿ ಬಳಸಿ ಹೇಳಿದರೆ, ಸುಮ್ಮಸುಮ್ಮನೆ ಹಿಂಜರಿದರೆ ಅವಳಿಗೆ ಆಗದು. ಎದುರು ನಿಂತು ಉತ್ತರ ಕೊಟ್ಟರೂ ಗೌರವಿಸುತ್ತಾಳೆ.

*ಶ್ಯಾಡೋಹಾರ್ಟ್.* ಶಾರ್ ಎಂಬ ಕತ್ತಲ ದೇವತೆಯ ಪೂಜಾರಿಣಿ. ಕೈಯಲ್ಲಿ ಒಂದು ನಿಗೂಢ ವಸ್ತು, ತಲೆಯಲ್ಲಿ ಅಳಿಸಿಹೋದ ನೆನಪುಗಳು. ಇವಳ ವಿಷಯದಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಉತ್ತರ ಸಿಗುವವರೆಗೂ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಅವಳು "ಈ ವಿಷಯ ಬೇಡ" ಎಂದರೆ ಬಿಟ್ಟುಬಿಡಿ. ಗುಟ್ಟನ್ನು ಗುಟ್ಟಾಗಿ ಇರಲು ಬಿಟ್ಟವರನ್ನೇ ಅವಳು ನಂಬುವುದು. ಪ್ರಾಣಿಗಳಿಗೆ ಕರುಣೆ ತೋರಿದರೆ ಖುಷಿಪಡುತ್ತಾಳೆ. ಕತ್ತಲ ದೇವತೆಯ ಭಕ್ತೆಗೆ ಈ ಮೆದು ಮನಸ್ಸು ಎಲ್ಲಿಂದ ಬಂತು ಎಂಬುದೇ ಅವಳ ಕಥೆಯ ಎಳೆ.

*ಆಸ್ಟೇರಿಯನ್.* ಒಂದು ರಾತ್ರಿ ನೀವು ಕಣ್ಣು ಬಿಟ್ಟಾಗ ನಿಮ್ಮ ಕುತ್ತಿಗೆಯ ಮೇಲೆ ಬಾಗಿರುತ್ತಾನೆ. ರಕ್ತ ಕುಡಿಯುವ ವ್ಯಾಂಪೈರ್ ಅವನು, ಎರಡು ಶತಮಾನ ಒಬ್ಬ ಕ್ರೂರ ಯಜಮಾನನ ಗುಲಾಮನಾಗಿದ್ದವನು. ಕುಡಿಯಲು ಬಿಟ್ಟರೆ ನಂಬಿಕೆ ಹೆಚ್ಚುತ್ತದೆ, ಆದರೆ ಸಾಕು ಎಂದು ಸಮಯಕ್ಕೆ ಸರಿಯಾಗಿ ತಡೆಯಿರಿ. ತಡೆಯದಿದ್ದರೆ ನಿಮ್ಮ ಪ್ರಾಣವೇ ಹೋಗುತ್ತದೆ. ಬೇಡ ಎಂದರೂ ಸಂಬಂಧ ಕೆಡುವುದಿಲ್ಲ. ಅವನು ಕಿಡಿಗೇಡಿತನ ಮೆಚ್ಚುತ್ತಾನೆ, ಪರೋಪಕಾರ ಕಂಡರೆ ಮೂಗು ಮುರಿಯುತ್ತಾನೆ. ತನಗೆ ಯಾರೂ ಸಹಾಯ ಮಾಡಲಿಲ್ಲ ಎಂಬ ನೋವು ಅದರ ಹಿಂದಿದೆ. ಅವನ ನಿರ್ಧಾರವನ್ನು ಅವನೇ ತೆಗೆದುಕೊಳ್ಳಲು ಬಿಡುವ ಮಾತುಗಳನ್ನು ಆರಿಸಿ. ನಯ ಮಾಡಿ ಹೊಗಳುವುದಕ್ಕಿಂತ ಅದು ದೂರ ಕರೆದೊಯ್ಯುತ್ತದೆ.

*ಗೇಲ್.* ಮಾತುಗಾರ ಮಾಂತ್ರಿಕ. ಎದೆಯೊಳಗೆ ಸೇರಿಕೊಂಡ ಒಂದು ಅಪಾಯಕಾರಿ ಶಕ್ತಿಯನ್ನು ತಣಿಸಲು ಅವನಿಗೆ ಮಾಂತ್ರಿಕ ವಸ್ತುಗಳು ಬೇಕು. ಇಲ್ಲಿ ಹೆದರುವವರೇ ಜಾಸ್ತಿ. ಆಟ ಮುಗಿಯುವವರೆಗೂ ಕೇಳುತ್ತಲೇ ಇರುತ್ತಾನೆ ಅಂದುಕೊಳ್ಳುತ್ತಾರೆ. ಇಲ್ಲ, ಕೊಡಬೇಕಾದದ್ದು ಮೂರೇ ವಸ್ತು. ಒಳ್ಳೆಯವನ್ನು ಕೊಡಬೇಕಾಗಿಯೂ ಇಲ್ಲ. ಯಾರೂ ತೊಡದ ಉಂಗುರ, ಉಪಯೋಗವಿಲ್ಲದ ಟೋಪಿ, ಕೈಗೆ ಸಿಕ್ಕ ಅಗ್ಗದ ಮಾಂತ್ರಿಕ ಆಯುಧ ಸಾಕು. ಅಂಥ ಮೂರನ್ನು ಮೊದಲೇ ಎತ್ತಿಡಿ. ಕೊಡುವುದೇ ಇಲ್ಲ ಎಂದು ಹಠ ಹಿಡಿದರೆ ಒಂದು ದಿನ ಹೊರಟುಹೋಗುತ್ತಾನೆ.

ವಿಲ್ ಮತ್ತು ಕಾರ್ಲಾಕ್ ಜೊತೆ ಅಷ್ಟು ಕಷ್ಟವಿಲ್ಲ. ಒಳ್ಳೆಯ ಕೆಲಸ ಮಾಡಿದರೆ ಇಬ್ಬರೂ ಖುಷಿ. ಕಾರ್ಲಾಕ್‌ಳ ಎದೆಯಲ್ಲಿ ನರಕದ ಯಂತ್ರ ಉರಿಯುತ್ತಿದೆ, ಅವಳನ್ನು ಮುಟ್ಟಲೂ ಆಗುವುದಿಲ್ಲ. ಇನ್ಫರ್ನಲ್ ಐರನ್ ಎಂಬ ಲೋಹ ಎಲ್ಲಿ ಕಂಡರೂ ಎತ್ತಿಕೊಳ್ಳಿ, ಮಾರಬೇಡಿ. ವನದಲ್ಲಿರುವ ಡ್ಯಾಮನ್ ಎಂಬ ಕಮ್ಮಾರ ಅದರಿಂದ ಯಂತ್ರ ಸರಿಮಾಡುತ್ತಾನೆ. ಎರಡನೇ ಅಂಕದಲ್ಲಿ ಲಾಸ್ಟ್ ಲೈಟ್ ಇನ್ ಎಂಬ ಛತ್ರದಲ್ಲಿ ಮತ್ತೊಮ್ಮೆ ಸಿಗುತ್ತಾನೆ. ವನ ಉಳಿದಿದ್ದರೆ ಮಾತ್ರ.

ಹಂತ 4: ನಿದ್ದೆ ಮಾಡಿ, ಇನ್ನೂ ಜಾಸ್ತಿ ಮಾಡಿ

ಪಾತ್ರಗಳು ಬದಲಾಗುತ್ತಿಲ್ಲ, ಬರೀ ಜಗಳವೇ ನಡೆಯುತ್ತಿದೆ ಎನ್ನುವವರಲ್ಲಿ ಬಹುಪಾಲು ಜನರ ಸಮಸ್ಯೆ ಇದೊಂದೇ. ಅವರು ಮಲಗುವುದೇ ಇಲ್ಲ. ತಲೆಯಲ್ಲಿ ಹುಳ ಇದೆ, ಬೇಗ ಹೋಗಬೇಕು ಅಂತ ಆಟ ಅವಸರ ಮಾಡಿಸುತ್ತದೆ, ಅಲ್ವಾ? ನಿಜದಲ್ಲಿ ಆ ಹುಳಕ್ಕೆ ಗಡುವೇ ಇಲ್ಲ. ಎಷ್ಟು ರಾತ್ರಿ ಕಳೆದರೂ ನೀವು ಮೈಂಡ್ ಫ್ಲೇಯರ್ ಆಗುವುದಿಲ್ಲ.

ಲಾಂಗ್ ರೆಸ್ಟ್ ಅಂದರೆ ಶಿಬಿರದಲ್ಲಿ ಇಡೀ ರಾತ್ರಿ ಮಲಗುವುದು. ಸಂಗಾತಿಗಳ ಮುಖ್ಯ ದೃಶ್ಯಗಳು ಹೆಚ್ಚಾಗಿ ಬರುವುದು ಆಗಲೇ. ಒಂದು ರಾತ್ರಿಗೆ ಸಾಮಾನ್ಯವಾಗಿ ಒಂದು ದೃಶ್ಯ. ನೀವು ಮಲಗದೆ ಓಡಿದರೆ ದೃಶ್ಯಗಳು ಸಾಲುಗಟ್ಟುತ್ತವೆ. ಮುಂದಿನ ಅಂಕಕ್ಕೆ ಹೋದಾಗ ಕೆಲವು ಕಳೆದೇ ಹೋಗುತ್ತವೆ. ಆಮೇಲೆ ಆ ಪಾತ್ರ ಯಾಕೆ ಹಾಗೆ ಮಾಡಿತು ಅಂತ ಅರ್ಥವಾಗುವುದಿಲ್ಲ.

ಹೀಗೆ ಮಾಡಿ. ದೊಡ್ಡ ಹೊಡೆದಾಟ ಅಥವಾ ದೊಡ್ಡ ಸಂಗತಿ ಆದ ಮೇಲೆಲ್ಲ ಶಿಬಿರಕ್ಕೆ ಹೋಗಿ. ತಲೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಇರುವವರನ್ನು ಮೊದಲು ಮಾತಾಡಿಸಿ. ಆಮೇಲೆ ಮಲಗಿ. ಬೆಳಗ್ಗೆ ಎದ್ದು ಮತ್ತೊಮ್ಮೆ ನೋಡಿ. ಒಂದು ರಾತ್ರಿಗೆ ಸಾಮಾನ್ಯ ಮಟ್ಟದಲ್ಲಿ 40 ಅಂಕದಷ್ಟು ಆಹಾರ ಬೇಕು. ಪೀಪಾಯಿ, ಪೆಟ್ಟಿಗೆ, ಅಡುಗೆಮನೆ ಎಲ್ಲ ಜಾಲಾಡಿದರೆ ಊಟಕ್ಕೆ ಬರಗಾಲವಿಲ್ಲ. ಆಹಾರ ಉಳಿಸಬೇಕೆಂದರೆ ಅದಿಲ್ಲದೆಯೂ ಮಲಗಬಹುದು. ಶಕ್ತಿ ಅರ್ಧವೇ ಮರಳುತ್ತದೆ, ಆದರೆ ರಾತ್ರಿ ಕಳೆಯುತ್ತದೆ.

ಎಚ್ಚರಿಕೆ ಒಂದಿದೆ. ಗಡುವಿಲ್ಲ ಎಂದಿದ್ದು ಹುಳಕ್ಕೆ, ಎಲ್ಲ ಕೆಲಸಕ್ಕೂ ಅಲ್ಲ. ವಾಕೀನ್ಸ್ ರೆಸ್ಟ್ ಎಂಬ ಛತ್ರ ಹೊತ್ತಿ ಉರಿಯುವುದನ್ನು ಕಂಡಮೇಲೆ ಮಲಗಿದರೆ ಒಳಗಿದ್ದವರು ಉಳಿಯುವುದಿಲ್ಲ. ನೆಲದಡಿಯ ಗ್ರಿಮ್‌ಫೋರ್ಜ್‌ನಲ್ಲಿ ಕಲ್ಲಿನ ಹಿಂದೆ ಸಿಕ್ಕಿಬಿದ್ದ ನೀರ್ ಎಂಬವನ ವಿಷಯವೂ ಹಾಗೆಯೇ. ಬೆಂಕಿ, ವಿಷಗಾಳಿ, ಸಿಕ್ಕಿಬಿದ್ದವರು, ಇಂಥದ್ದು ಕಂಡರೆ ಮೊದಲು ಅದನ್ನು ಮುಗಿಸಿ.

ಹಂತ 5: ಶ್ಯಾಡೋಹಾರ್ಟ್–ಲೇಝೆಲ್ ಜಗಳಕ್ಕೆ ಸಿದ್ಧರಾಗಿ

ಇವರಿಬ್ಬರ ನಡುವಿನ ಕಿತ್ತಾಟ ಬರೀ ಮಾತಿನಲ್ಲಿ ಮುಗಿಯುವುದಿಲ್ಲ. ಶ್ಯಾಡೋಹಾರ್ಟ್ ಬಳಿಯಿರುವ ಆ ವಸ್ತು ಗಿಥ್ಯಾಂಕಿಗಳದ್ದು. ಮೊದಲ ಅಂಕದಲ್ಲಿ ಒಂದು ರಾತ್ರಿ ಶಿಬಿರದಲ್ಲಿ ಇಬ್ಬರೂ ಆಯುಧ ಹಿಡಿದು ನಿಲ್ಲಬಹುದು. ನಿಮ್ಮ ಮಾತು ಸೋತರೆ ಒಬ್ಬಳು ಸಾಯುವ ಸಾಧ್ಯತೆ ಇದೆ.

ಅದಕ್ಕೇ ದಾಳದ ಲೆಕ್ಕ ಗೊತ್ತಿರಲಿ. ಪ್ರತಿ ಪರೀಕ್ಷೆಗೂ ಒಂದು ಗುರಿಸಂಖ್ಯೆ ಇರುತ್ತದೆ. ದಾಳದಲ್ಲಿ ಬಿದ್ದ ಸಂಖ್ಯೆಗೆ ನಿಮ್ಮ ಕೌಶಲ ಸೇರಿಸಿ ಗುರಿ ಮುಟ್ಟಬೇಕು. 20 ಬಿದ್ದರೆ ಗೆದ್ದಂತೆ. 1 ಬಿದ್ದರೆ ಏನೇ ಕೌಶಲವಿದ್ದರೂ ಸೋಲು. ಗೈಡೆನ್ಸ್ ಎಂಬ ಸಣ್ಣ ಮಂತ್ರ ಹಾಕಿದರೆ 1ರಿಂದ 4ರವರೆಗೆ ಹೆಚ್ಚುವರಿ ಸಿಗುತ್ತದೆ. ಕ್ಲೆರಿಕ್, ಅಂದರೆ ದೈವಶಕ್ತಿಯಿಂದ ಮಂತ್ರ ಹಾಕುವ ವರ್ಗದವರು, ಅದನ್ನು ಕಲಿಯಬಲ್ಲರು. ಸೋತಾಗ ಮತ್ತೆ ಉರುಳಿಸಲು ಇನ್‌ಸ್ಪಿರೇಷನ್ ಅಂಕ ಬಳಸಬಹುದು. ನಾಲ್ಕರವರೆಗೆ ಕೂಡಿಡಬಹುದು. ಪೆಟ್ಟಿಗೆ ತೆರೆಯುವಂಥ ಸಣ್ಣ ಕೆಲಸಕ್ಕೆ ಅವನ್ನು ಸುರಿದುಬಿಡಬೇಡಿ. ಸಂಗಾತಿಗಳ ಜೀವ ಮರಣದ ಮಾತಿಗೆ ಉಳಿಸಿಕೊಳ್ಳಿ.

ಮಲಗುವ ಮುನ್ನ ಸೇವ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ಕೀಬೋರ್ಡ್‌ನಲ್ಲಿ ಎಫ್5 ಒತ್ತಿದರೆ ಸೇವ್, ಎಫ್8 ಒತ್ತಿದರೆ ಹಿಂದಿನ ಸೇವ್‌ಗೆ ವಾಪಸ್. ಕರೆಂಟ್ ಹೋಗಿ ಬರುವ ಊರಿನಲ್ಲಿದ್ದು, ಯುಪಿಎಸ್ ಇಲ್ಲದೆ ಆಡುವವರಿಗೆ ಇದು ಇನ್ನೂ ಮುಖ್ಯ. ಸೋತಾಗಲೆಲ್ಲ ಹಿಂದಕ್ಕೆ ಹೋಗುವುದು ಮೋಸವೇ ಎಂದು ಕೆಲವರು ಕೇಳುತ್ತಾರೆ. ನನ್ನ ಅಭಿಪ್ರಾಯ ಸ್ಪಷ್ಟ. ಸಣ್ಣ ಸೋಲುಗಳನ್ನು ಹಾಗೆಯೇ ಬಿಡಿ, ಅವು ಕಥೆಗೆ ರುಚಿ ಕೊಡುತ್ತವೆ. ಒಬ್ಬ ಸಂಗಾತಿಯನ್ನೇ ಕಳೆದುಕೊಳ್ಳುವ ಹಾಗಾದರೆ ಹಿಂದೆ ಹೋಗಿ. ಇದು ಅರುವತ್ತು ಗಂಟೆಗೂ ಮೀರಿ ಹೋಗಬಲ್ಲ ಆಟ. ಒಂದು ಕೆಟ್ಟ ದಾಳಕ್ಕೆ ಒಂದು ಇಡೀ ಕಥೆಯನ್ನು ಬಲಿಕೊಡಬೇಕಾಗಿಲ್ಲ.

ಹಂತ 6: ಸಿಟ್ಟು ಪಾತ್ರದ್ದೋ, ಆಟದ ಯಂತ್ರದ್ದೋ ನೋಡಿ

ಎಷ್ಟೋ ಸಲ ನಿಮಗೆ ಸಿಟ್ಟು ತರಿಸುವುದು ಪಾತ್ರದ ಸ್ವಭಾವವಲ್ಲ, ಅದರ ಕೆಲಸದ ರೀತಿ. ಶ್ಯಾಡೋಹಾರ್ಟ್ ಎಸೆಯುವ ಫೈರ್ ಬೋಲ್ಟ್ ಎಂಬ ಬೆಂಕಿಯ ಮಂತ್ರ ಗುರಿ ತಪ್ಪುತ್ತಲೇ ಇರುತ್ತದೆ ಎಂಬುದು ಎಲ್ಲರ ದೂರು. ಕಾರಣ ಸರಳ. ಆ ಮಂತ್ರ ಬುದ್ಧಿಯ ಅಂಕದ ಮೇಲೆ ನಡೆಯುತ್ತದೆ, ಅವಳಿಗೆ ಅದು ಕಡಿಮೆ. ಅವಳ ಶಕ್ತಿ ವಿಸ್ಡಮ್, ಅಂದರೆ ವಿವೇಕದ ಅಂಕದಲ್ಲಿದೆ. ಅವಳಿಂದ ಗಾಯ ವಾಸಿ ಮಾಡಿಸಿ, ಬ್ಲೆಸ್ ಎಂಬ ಹರಸುವ ಮಂತ್ರ ಹಾಕಿಸಿ.

ಇನ್ನೂ ಒಳ್ಳೆಯ ದಾರಿ ಇದೆ. ಹಡಗು ಬಿದ್ದ ಜಾಗದ ಹತ್ತಿರವೇ ಒಂದು ಹಳೆಯ ನೆಲಮಾಳಿಗೆಯ ಸಮಾಧಿಯಲ್ಲಿ ವಿದರ್ಸ್ ಎಂಬ ಅಸ್ಥಿಪಂಜರದಂಥವನು ಸಿಗುತ್ತಾನೆ. ಅವನನ್ನು ಎಬ್ಬಿಸಿದರೆ ನಿಮ್ಮ ಶಿಬಿರಕ್ಕೆ ಬರುತ್ತಾನೆ. ನೀವು ಹುಡುಕದಿದ್ದರೂ ಮುಂದೆ ತಾನಾಗಿ ಬರುತ್ತಾನೆ. 100 ಚಿನ್ನದ ನಾಣ್ಯ ಕೊಟ್ಟರೆ ಯಾರ ವರ್ಗವನ್ನಾದರೂ ಮೊದಲಿನಿಂದ ಬದಲಿಸುತ್ತಾನೆ. ಇದಕ್ಕೆ ರೆಸ್ಪೆಕ್ ಎನ್ನುತ್ತಾರೆ. ಶ್ಯಾಡೋಹಾರ್ಟ್ ಕ್ಲೆರಿಕ್ ಆಗಿಯೇ ಇರಲಿ, ಅವಳ ಟ್ರಿಕರಿ ಎಂಬ ಉಪವರ್ಗವನ್ನು ಲೈಫ್ ಅಥವಾ ಲೈಟ್ ಎಂದು ಬದಲಿಸಿ. ಅವಳ ಬಗ್ಗೆ ನಿಮ್ಮ ಅಭಿಪ್ರಾಯವೇ ಬದಲಾಗುತ್ತದೆ. ವರ್ಗ ಬದಲಿಸಿದರೆ ಕಥೆ ಕೆಡುವುದಿಲ್ಲ. ಸತ್ತವರನ್ನು 200 ನಾಣ್ಯಕ್ಕೆ ಬದುಕಿಸುವವನೂ ಇವನೇ. ಮುನಿಸಿಕೊಂಡು ಬಿಟ್ಟು ಹೋದವರನ್ನು ಮಾತ್ರ ಅವನೂ ಕರೆತರಲಾರ.

ಬೇರೆಯವರು ಮಧ್ಯೆ ಬಾಯಿ ಹಾಕುತ್ತಾರೆ ಎಂಬ ದೂರೂ ಇದೆ. ನಿಮ್ಮ ಬಾರ್ಡ್ ಬದಲು ಲೇಝೆಲ್ ಮಾತಿಗಿಳಿದು ಕೆಲಸ ಕೆಡಿಸುತ್ತಾಳೆ. ಹೊಸ ಜಾಗಕ್ಕೆ ಕಾಲಿಡುವಾಗ ನಿಮ್ಮ ಪಾತ್ರವನ್ನೇ ಆಯ್ಕೆ ಮಾಡಿಕೊಂಡು ಮುಂದೆ ನಡೆಯಿರಿ, ಅಷ್ಟೇ ಸಾಕು. ಬಲೆಗಳಿರುವ ಕಡೆ ಎಲ್ಲರೂ ಹಿಂದೆ ಬಂದು ಸಿಕ್ಕಿಬೀಳುತ್ತಾರೆ. ಅಲ್ಲಿ ಜಿ ಕೀಲಿ ಒತ್ತಿ ಗುಂಪು ಬಿಡಿಸಿ, ಒಬ್ಬರನ್ನೇ ಕಳಿಸಿ.

ಇವರ ಸಹವಾಸವೇ ಬೇಡ ಎನ್ನುವವರಿಗೆ ವಿದರ್ಸ್ 100 ನಾಣ್ಯಕ್ಕೊಬ್ಬರಂತೆ ಬಾಡಿಗೆ ಸಹಾಯಕರನ್ನೂ ಕೊಡುತ್ತಾನೆ. ಅವರು ಜಗಳವಾಡುವುದಿಲ್ಲ, ಕೊಂಕು ನುಡಿಯುವುದಿಲ್ಲ. ಅವರಿಗೊಂದು ಕಥೆಯೂ ಇಲ್ಲ. ನಾನು ಇದನ್ನು ಹೇಳುವುದು ದಾರಿ ಇದೆ ಅಂತ ತಿಳಿಸಲು ಮಾತ್ರ. ಈ ಆಟದ ಜೀವವೇ ಆ ಆರು ಜನ.

ಹಂತ 7: ಯಾರ ಜಾಗಕ್ಕೆ ಯಾರನ್ನು ಕರೆದೊಯ್ಯಬೇಕು

ಇಲ್ಲಿ ಎಡವಿದರೆ ಸರಿಪಡಿಸುವುದು ಕಷ್ಟ. ಪ್ರತಿ ಸಂಗಾತಿಗೂ ಕಥೆ ತಿರುಗುವ ಒಂದು ಜಾಗವಿದೆ. ಆ ಹೊತ್ತಿಗೆ ಅವರು ನಿಮ್ಮ ಜೊತೆ ನಡೆಯುತ್ತಿರಬೇಕು.

ಲೇಝೆಲ್‌ಗೆ ಅದು ಮೌಂಟನ್ ಪಾಸ್‌ನ ರೋಸಿಮಾರ್ನ್ ಮಠದಡಿಯ ಗಿಥ್ಯಾಂಕಿ ನೆಲೆ. ಮಠಕ್ಕೆ ಹೊರಡುವ ಮೊದಲು ವನದ ಕೆಲಸ ಮುಗಿಸಿ, ಇಲ್ಲದಿದ್ದರೆ ನಿಮ್ಮನ್ನು ಬಿಟ್ಟು ಕಥೆ ಮುಂದೆ ಹೋಗುತ್ತದೆ. ಆಟವೇ ಎಚ್ಚರಿಸುತ್ತದೆ, ಆ ಸಂದೇಶವನ್ನು ಓದದೆ ಒತ್ತಬೇಡಿ. ಒಳಗೆ ಹುಳ ತೆಗೆಯುವ ಯಂತ್ರವಿರುವ ಕೋಣೆಗೆ ಹೋಗುವ ಮುನ್ನ ಸೇವ್ ಮಾಡಿ. ಇಷ್ಟು ದಿನ ಗದರುತ್ತಿದ್ದವಳು ಅಲ್ಲಿಂದ ಹೊರಬರುವಾಗ ಬೇರೆಯೇ ಪ್ರಶ್ನೆ ಹೊತ್ತು ಬರುತ್ತಾಳೆ. ಲೇಝೆಲ್ ಇಷ್ಟವಿಲ್ಲ ಎಂದು ಆ ನೆಲೆಗೆ ಹೋಗದವರು ಅವಳನ್ನು ಅರ್ಧವೂ ನೋಡಿಲ್ಲ.

ಶ್ಯಾಡೋಹಾರ್ಟ್‌ಗೆ ಅದು ಎರಡನೇ ಅಂಕದ ಗಾಂಟ್ಲೆಟ್ ಆಫ್ ಶಾರ್. ಅವಳಿಲ್ಲದೆ ಆ ದೇವಾಲಯ ಮುಗಿಸಬೇಡಿ. ಕೊನೆಯಲ್ಲಿ ಅವಳು ಒಂದು ದೊಡ್ಡ ನಿರ್ಧಾರ ತೆಗೆದುಕೊಳ್ಳಬೇಕಾಗುತ್ತದೆ. ಹೀಗೆ ಮಾಡು ಎಂದು ಅಪ್ಪಣೆ ಕೊಡಬೇಡಿ. ಮೊದಲಿನಿಂದ ಅವಳ ನಂಬಿಕೆ ಗಳಿಸಿದ್ದರೆ, ನಿರ್ಧಾರವನ್ನು ಅವಳಿಗೇ ಬಿಡಿ. ಅಲ್ಲಿಗೆ ಇಳಿಯುವ ಮೊದಲು ಆ ಪ್ರದೇಶದ ಉಳಿದ ಕೆಲಸಗಳನ್ನು ಮುಗಿಸಿಕೊಳ್ಳಿ.

ಎರಡನೇ ಅಂಕದಲ್ಲಿ ಇನ್ನೂ ಮೂರು ಹಳ್ಳಗಳಿವೆ. ಮೊದಲನೆಯದು ಲಾಸ್ಟ್ ಲೈಟ್ ಇನ್. ಮಹಡಿಯಲ್ಲಿರುವ ಇಸೊಬೆಲ್ ಜೊತೆ ಮಾತು ಮುಗಿಯುತ್ತಿದ್ದಂತೆ ದಾಳಿ ಶುರುವಾಗುತ್ತದೆ. ಅವಳು ಬಿದ್ದರೆ ಛತ್ರದ ರಕ್ಷಣೆ ಹೋಗುತ್ತದೆ, ನೀವು ವನದಿಂದ ಉಳಿಸಿದ ಜನರೂ ಹೋಗುತ್ತಾರೆ. ಮಲಗಿ ಶಕ್ತಿ ತುಂಬಿಕೊಂಡು, ಸಂಗಾತಿಗಳನ್ನು ಅವಳ ಸುತ್ತ ನಿಲ್ಲಿಸಿ, ಆಮೇಲೆ ಮಾತಾಡಿಸಿ. ಎರಡನೆಯದು ವಿಲ್‌ಗೆ ಸಂಬಂಧಿಸಿದ್ದು. ಮೂನ್‌ರೈಸ್ ಗೋಪುರದಡಿಯ ಮೈಂಡ್ ಫ್ಲೇಯರ್ ನೆಲೆಯಲ್ಲಿ ಅವನ ಒಡತಿ ಮಿಜೋರಾ ಒಂದು ಗೂಡಿನಲ್ಲಿ ಸಿಕ್ಕಿರುತ್ತಾಳೆ. ಅವಳ ಮೇಲೆ ಎಷ್ಟೇ ಸಿಟ್ಟಿದ್ದರೂ ಕೊಲ್ಲಬೇಡಿ, ಅಲ್ಲೇ ಬಿಟ್ಟೂ ಬರಬೇಡಿ. ಅವಳು ಹೋದರೆ ವಿಲ್ ಕೂಡ ಹೋದ. ಮೂರನೆಯದು ಗೇಲ್. ಈ ಅಂಕದ ಕೊನೆಯಲ್ಲಿ ಎದೆಯೊಳಗಿನ ಶಕ್ತಿಯನ್ನು ಸ್ಫೋಟಿಸಿ ಎಲ್ಲ ಮುಗಿಸಿಬಿಡುತ್ತೇನೆ ಎನ್ನುತ್ತಾನೆ. ಹೂಂ ಎಂದರೆ ನಿಮ್ಮ ಆಟವೂ ಅಲ್ಲಿಗೆ ಮುಗಿಯುತ್ತದೆ.

ಮೂರನೇ ಅಂಕ ನಗರದಲ್ಲಿ. ಕೆಲಸಗಳು ಎಷ್ಟಿವೆಯೆಂದರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಸಂಗಾತಿಗಳ ಕೆಲಸವನ್ನೇ ಮೊದಲು ಹಿಡಿಯಿರಿ. ಆಸ್ಟೇರಿಯನ್‌ನ ಯಜಮಾನ ಕಝಡೋರ್‌ನ ಅರಮನೆಗೆ ಅವನಿಲ್ಲದೆ ಕಾಲಿಡಬೇಡಿ. ಅಲ್ಲಿ ಅವನ ಮುಂದೆ ಭಾರಿ ಶಕ್ತಿಯ ಆಮಿಷ ಬರುತ್ತದೆ. ಅವನನ್ನು ತಡೆಯಲು ಹೊರಟರೆ ದಾಳ ಉರುಳಿಸಬೇಕು. ಕೂಡಿಟ್ಟ ಇನ್‌ಸ್ಪಿರೇಷನ್ ಅಂಕಗಳು ಈಗ ಉಪಯೋಗಕ್ಕೆ ಬರುತ್ತವೆ. ಇದೇ ಅಂಕದಲ್ಲಿ ಓರಿನ್ ಎಂಬ ರೂಪ ಬದಲಿಸುವ ಹಂತಕಿ ನಿಮ್ಮ ಶಿಬಿರದಿಂದ ಒಬ್ಬರನ್ನು ಹೊತ್ತೊಯ್ಯುತ್ತಾಳೆ. ಕೆಲವು ದಿನ ಒಬ್ಬರು ಇಲ್ಲದೆ ಆಡಬೇಕಾಗುತ್ತದೆ, ಆ ಕೆಲಸವನ್ನು ಮುಂದೂಡುತ್ತಾ ಹೋಗಬೇಡಿ.

ಕೊನೆಯ ಘಟ್ಟಕ್ಕೆ ಇಳಿಯುವ ಮುನ್ನ ಆಟ ಮತ್ತೊಮ್ಮೆ ಎಚ್ಚರಿಸುತ್ತದೆ. ಅಲ್ಲಿ ಬೇರೆ ಹೆಸರಿನಲ್ಲಿ ಒಂದು ಸೇವ್ ಇಟ್ಟುಕೊಳ್ಳಿ. ಯುದ್ಧ ಮುಗಿದ ಮೇಲೂ ಕೂಡಲೇ ಎದ್ದು ಹೋಗಬೇಡಿ. 2023ರ ನವೆಂಬರ್‌ನಲ್ಲಿ ಬಂದ 5ನೇ ಪ್ಯಾಚ್, ಅಂದರೆ ಆಟಕ್ಕೆ ಹಾಕುವ ತಿದ್ದುಪಡಿ, ಆರು ತಿಂಗಳ ನಂತರದ ಒಂದು ಕೂಟವನ್ನು ಸೇರಿಸಿದೆ. ಉಳಿದ ಸಂಗಾತಿಗಳು ಅಲ್ಲಿ ಸೇರುತ್ತಾರೆ. ನಿಮ್ಮ ನಿರ್ಧಾರಗಳಿಂದ ಅವರ ಬದುಕು ಎಲ್ಲಿಗೆ ಬಂತು ಎಂದು ಅವರೇ ಹೇಳುತ್ತಾರೆ. ಕೂಟ ಮುಗಿಸುವ ಮೊದಲು ಒಬ್ಬರನ್ನೂ ಬಿಡದೆ ಮಾತಾಡಿಸಿ, ಲೇಝೆಲ್ ಬಂದಿದ್ದರೆ ಅವಳನ್ನೂ.